ಆಚಾರ್ರು ಸೇರಿಸದ ಕೊಂಡಿ

“ಈ ಸಲ ಕೊಂಡಿ ಸೇರ್ಸಾಕಿಲ್ಲ ಕಣ್ಲಾ,” ಎಂದು ಕೆ.ಆರ್. ಪೇಟೆಯ ಅಕ್ಕಸಾಲಿ ಆಚಾರ್ರು ನನ್ನ ಬೆಳ್ಳಿ ಉಡಿದಾರವನ್ನು ವಾಪಸ್ ನನ್ನ ಕೈಗೇ ಹಾಕಿದರು. ಮದುವೆಗೆ ಅದನ್ನು ಮಾಡಿಕೊಟ್ಟವರು ಅವರೇ. ಸೊಂಟಕ್ಕೆ ಬಿಗಿಯಾದಾಗಲೆಲ್ಲ ಕೊಂಡಿ ಬೆಸೆದು ಉದ್ದ ಮಾಡಿಕೊಟ್ಟವರೂ ಅವರೇ.

ಬೂಕನಕೆರೆ ಸುತ್ತಿನ ಅಂಗಡಿಗಳಿಗೆ ಚಿಪ್ಸು, ಬಿಸ್ಕತ್ತು, ಕೂಲ್‌ಡ್ರಿಂಕ್ಸು ಹಾಕುವ ಗೂಡ್ಸ್ ಆಟೊ ನನ್ನದು. ಒಡೆದ ಪ್ಯಾಕೆಟ್ಟನ್ನು ಅಂಗಡಿಯವರು ಮುಟ್ಟುವುದಿಲ್ಲ. ಸುಮ್ಮನೆ ಯಾಕೆ ಹಾಳಾಗಬೇಕು ಎಂದು ನಾನೇ ತಿನ್ನುತ್ತಿದ್ದೆ. ಬರಬರುತ್ತಾ ಮಧ್ಯಾಹ್ನದ ಊಟವೇ ಅದಾಯಿತು. ಹೆಂಡತಿ ಬೈದಳು, ಡಾಕ್ಟರು ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

“ಕೂಲಿ ಕೊಡ್ತೀನಲ್ಲ ಆಚಾರ್ರೇ, ನಿಮಗೇನ್ ಕಷ್ಟ?” ಎಂದು ರೇಗಿದೆ.

ಅವರು ಮಡಚಿ ಕೂತಿದ್ದ ಎಡಗಾಲನ್ನು ನನ್ನ ಮುಂದೆ ಚಾಚಿದರು. ಎರಡು ಬೆರಳು ಇರಲಿಲ್ಲ.

“ಶುಗರ್ರು. ನನ್ ಉಡಿದಾರಕ್ಕೂ ಇಂಗೇ ಸೇರ್ಸ್ಕಂಡು ಸೇರ್ಸ್ಕಂಡು ಕುಂತಿದ್ದೆ. ನಿಂಗೂ ನನ್ ಕೈಯಾರೆ ಅಂಗ್ ಮಾಡಾಕಿಲ್ಲ, ನಡಿ.”

ಸದ್ಯಕ್ಕೆ ಸೊಂಟಕ್ಕೆ ಕರಿ ದಾರ ಕಟ್ಟಿಕೊಂಡಿದ್ದೇನೆ. ಆಟೊದಲ್ಲಿ ರಾಗಿ ರೊಟ್ಟಿ, ಹುರುಳಿಕಾಳು ಪಲ್ಯದ ಡಬ್ಬಿ ಇರುತ್ತದೆ. ಒಡೆದ ಪ್ಯಾಕೆಟ್ಟು ಗೋಡೌನಿಗೆ ವಾಪಸ್ ಹೋಗುತ್ತದೆ. ತಿಂಗಳಿಗೊಮ್ಮೆ ಬೆಳ್ಳಿಯದನ್ನು ಸುತ್ತಿ ನೋಡುತ್ತೇನೆ. ಮೊನ್ನೆ ಕೊಕ್ಕೆಗೂ ಕೊಂಡಿಗೂ ನಡುವೆ ಒಂದು ಬೆರಳಿನಷ್ಟು ಜಾಗ ಉಳಿದಿತ್ತು. ಅವೆರಡನ್ನೂ ಕೂಡಿಸುತ್ತೇನೆ, ಬೆಸುಗೆಯಿಲ್ಲದೆ.