ಯಂಕಪ್ಪ ಮೂಸಿ ನೋಡಿದ ಕಾರು

ಪನ್ವೇಲ್ ಹತ್ತಿರದ ಕಾಮೋಠೆಯ ಹಿಂದಿನ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಹಿಡಿದು ಯಂಕಪ್ಪ ಹಳೇ ಕಾರುಗಳ ರಿಪೇರಿ ಮಾಡುತ್ತಿದ್ದ. ರಾಯಚೂರಿನಿಂದ ಲೋಡಿಂಗ್ ಕೆಲಸಕ್ಕೆ ಬಂದವನು ಠಾಣೆ ಊರಿನ ಮುದಿ ಮೇಸ್ತ್ರಿಯೊಬ್ಬನ ಕೈಕೆಳಗೆ ಹದಿನೆಂಟು ವರ್ಷ ಸವೆಸಿ ಕಲಿತ ವಿದ್ಯೆ ಅದು. ಕಂಪ್ಯೂಟರ್ ಹಚ್ಚಿ ನೋಡುವ ಗ್ಯಾರೇಜಿನವರು ಮುಟ್ಟಲು ಒಲ್ಲೆವೆಂದ ಗಾಡಿಗಳು ಅವನಲ್ಲಿಗೆ ಬರುತ್ತಿದ್ದವು. ಎಂಜಿನ್ನಿನ ದನಿ ಕೇಳಿ, ಹೊಗೆಯ ವಾಸನೆ ಹಿಡಿದು ಇಂಥದ್ದೇ ರೋಗ ಎಂದು ಹೇಳುತ್ತಾನೆ ಎಂಬ ಹೆಸರಿತ್ತು.

ಆ ಮೂಗು ಕೊರೊನಾದ ಎರಡನೇ ಅಲೆಯಲ್ಲಿ ಹೋಯಿತು. ಜ್ವರ ಇಳಿಯಿತು, ವಾಸನೆ ಮಾತ್ರ ಮರಳಲಿಲ್ಲ. ಹಾಲು ಸೀದು ಪಾತ್ರೆ ಕರ್ರಗಾದರೂ ಪಕ್ಕದಲ್ಲೇ ಕೂತವನಿಗೆ ತಿಳಿಯಲಿಲ್ಲ. ಹೆಂಡತಿ ಮರಗಮ್ಮನ ಹೊರತು ಇದು ಯಾರಿಗೂ ಗೊತ್ತಿರಲಿಲ್ಲ.

“ಗಾಡಿಯೋರಿಗೆ ಹೇಳಿಬಿಡ್ರಿ. ಪೆಟ್ರೋಲಿನ ಕೆಲಸ ಐತಿ,” ಎಂದು ಅವಳು ಎಷ್ಟೋ ಸಲ ಹೇಳಿದ್ದಳು.

“ಹೇಳಿದ್ರ ಗಾಡಿ ಯಾರ್ ಬಿಡ್ತಾರ? ಕಣ್ಣದಾವ, ಕೈ ಅದಾವ. ಸುಮ್ಕಿರು.”

ನೆರೂಳಿನ ಅಂಬರೀಶ ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಕೆಲಸ. ಅರವತ್ತು ವರ್ಷ ಹಳೆಯದಾದ, ಎರಡೇ ಸೀಟಿನ, ಮೇಲಿನ ಕ್ಯಾನ್ವಾಸ್ ಮಡಚಿಡುವ ಸ್ಪೋರ್ಟ್ಸ್ ಕಾರೊಂದನ್ನು ಆಸೆಪಟ್ಟು ಕೊಂಡಿದ್ದರು. ಮಳೆ ಬಂದರೆ ಒಳಗೆ ನೀರು ನಿಲ್ಲುತ್ತಿತ್ತು. ಕಾರ್ಪೆಟ್ ಎತ್ತಿದರೆ ಕೆಳಗಿನ ತಗಡು ಹಪ್ಪಳದಂತೆ ಪುಡಿಯಾಗಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ಕುದಿಯುತ್ತಿತ್ತು. ಯಂಕಪ್ಪ ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆದ, ರೇಡಿಯೇಟರ್ ಬಿಚ್ಚಿ ಕೆಸರು ತೆಗೆದ, ಹೊಸ ಕ್ಯಾನ್ವಾಸ್ ಹೊಲಿಸಿ ತಾನೇ ಎಳೆದು ಕಟ್ಟಿದ. ಅಂಬರೀಶ ದಂಪತಿ ಅದೇ ಕಾರಿನಲ್ಲಿ ಟಿಟ್ವಾಳಾದ ಗಣಪತಿ ಗುಡಿಗೆ ಹೋಗಿಬಂದರು. ಅಂಬರೀಶರು ಕಂಡಕಂಡವರಿಗೆ ಯಂಕಪ್ಪನ ನಂಬರು ಕೊಟ್ಟರು.

ಮಳೆಗಾಲದ ಒಂದು ಶನಿವಾರ ಇಬ್ಬರೂ ಶೆಡ್ಡಿಗೆ ಬಂದರು. ಅಂಬರೀಶರ ಹೆಂಡತಿ ನಳಿನಿ ಇಳಿದವಳೇ ಹೇಳಿದಳು:

“ಯಂಕಪ್ಪನವರೇ, ಒಳಗಡೆ ಪೆಟ್ರೋಲ್ ವಾಸನೆ ಬರ್ತಿದೆ. ತಲೆನೋವು ಬರೋ ಅಷ್ಟು.”

“ಹಳೇ ಗಾಡಿ ಅಂದ್ರೆ ಹಾಗೇ ಕಣೇ,” ಎಂದರು ಅಂಬರೀಶ.

ಯಂಕಪ್ಪ ಬಾನೆಟ್ ಎತ್ತಿ ಬಗ್ಗಿದ. ಎಂಜಿನ್ನಿನ ಮೇಲೆ ಮಳೆನೀರು ಸಿಡಿದು ಎಲ್ಲವೂ ಒದ್ದೆಯಾಗಿತ್ತು. ಯಾವುದು ನೀರು, ಯಾವುದು ಪೆಟ್ರೋಲು ಎಂದು ಕಣ್ಣಿಗೆ ಗೊತ್ತಾಗುವಂತಿರಲಿಲ್ಲ. ಇಬ್ಬರೂ ತನ್ನನ್ನೇ ನೋಡುತ್ತಿದ್ದುದು ಅವನಿಗೆ ಅರಿವಿತ್ತು. ಎರಡು ಸಲ ಜೋರಾಗಿ ಮೂಸಿದ.

“ಏನಿಲ್ರೀ ಅಕ್ಕಾರ. ಟ್ಯಾಂಕ್ ತುಂಬಿಸಿದಾಗ ಚೆಲ್ಲಿದ್ದ ಇರಬೇಕು.”

ಈಗಿನ ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಪೈಪುಗಳನ್ನು ತಿಂದುಹಾಕುತ್ತದೆ ಎಂಬುದು ಅವನಿಗೆ ತಿಳಿಯದ್ದಲ್ಲ. ಮುಂದಿನ ವಾರ ಪೈಪು ಬದಲಿಸಿದರಾಯಿತು ಎಂದುಕೊಂಡ.

ಮುಂದಿನ ವಾರ ಬರಲಿಲ್ಲ. ಮರುದಿನ ಬೆಳಿಗ್ಗೆ ಪಾಮ್ ಬೀಚ್ ರಸ್ತೆಯಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ನಳಿನಿಯನ್ನು ಇಳಿಸಿ ದೂರ ಕಳಿಸಿ, ಅಂಬರೀಶರು ಬಾನೆಟ್ ಎತ್ತಿದರು. ಗಾಳಿ ಸಿಕ್ಕಿದ ಬೆಂಕಿ ಭಗ್ಗನೆ ಮೇಲೆದ್ದಿತು. ಎರಡೂ ಕೈ ಮೊಣಕೈವರೆಗೆ ಬೆಂದವು.

ತಪ್ಪು ಯಂಕಪ್ಪನದೆಂದು ಯಾರೂ ಅನ್ನಲಿಲ್ಲ. ಹಳೇ ಗಾಡಿ, ಹೊತ್ತಿಕೊಂಡಿತು ಎಂದು ಪೊಲೀಸರು ಬರೆದುಕೊಂಡರು. ಅವನು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾಲ್ಕು ದಿನ ಸುಮ್ಮನಿದ್ದ. ಐದನೆಯ ದಿನ ಆಸ್ಪತ್ರೆಗೆ ಹೋಗಿ, ಐಸಿಯು ಹೊರಗೆ ಕೂತಿದ್ದ ನಳಿನಿಯ ಮುಂದೆ ನಿಂತ.

“ಅಕ್ಕಾರ, ಅವತ್ತು ನಾ ಮೂಸಿದ್ದು ಸುಳ್ರಿ. ನಾಕ್ ವರ್ಷ ಆತು, ನನಗ ಯಾವ ವಾಸನಿನೂ ಬರಂಗಿಲ್ಲ.”

ಅವಳು ಕುರ್ಚಿಯಿಂದ ಎದ್ದಳು.

“ನಾನು ಹೇಳಿದ್ದೆ ಅಲ್ವಾ?” ಎಂದಳು. ಆಮೇಲೆ, “ಹೋಗಿ. ಇನ್ನು ಇಲ್ಲಿ ಬರಬೇಡಿ.”

ಯಂಕಪ್ಪ ತನ್ನ ಉಳಿದ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿ ಹೇಳಿದ. ವಾರದೊಳಗೆ ಶೆಡ್ಡು ಖಾಲಿಯಾಯಿತು. ಮರಗಮ್ಮ ಎಂದಿನಂತೆ ಬುತ್ತಿ ಕಟ್ಟಿಕೊಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಶೆಡ್ಡಿನಲ್ಲಿ ಈಗ ಪಂಕ್ಚರ್ ಹಾಕತೊಡಗಿದ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ರಿಕ್ಷಾದಿಂದ ಅಂಬರೀಶರು ಇಳಿದರು. ಬೆರಳುಗಳು ಒಂದಕ್ಕೊಂದು ಎಳೆದುಕೊಂಡು ಸೆಟೆದಿದ್ದವು. ಯಂಕಪ್ಪ ಎದ್ದು ನಿಂತ, ಸ್ಟೂಲು ಸರಿಸಿದ. ಅವರು ಕೂರಲಿಲ್ಲ.

“ನಳಿನಿ ಎಲ್ಲಾ ಹೇಳಿದಳು. ಒಂದು ಮಾತು ಕೇಳೋಣ ಅಂತ ಬಂದೆ. ಮೊದಲೇ ಯಾಕ್ರೀ ಹೇಳಲಿಲ್ಲ?”

“ಗಾಡಿ ಒಯ್ದುಬಿಡ್ತೀರಿ ಅಂತ, ಸಾಹೇಬ್ರ.”

“ಒಯ್ತಿರಲಿಲ್ಲ. ವಾಸನೆ ನೋಡೋಕೆ ನಳಿನಿ ಇದ್ದಳು. ಕೆಲಸ ನಿಮ್ಮದೇ ಬೇಕಿತ್ತು ನನಗೆ.”

ಅವರು ಬೈದು ಹೋಗುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಯಂಕಪ್ಪ ಅಷ್ಟು ದಿನ ಕಾದಿದ್ದ. ಇದಕ್ಕೆ ಅವನು ಸಿದ್ಧನಿರಲಿಲ್ಲ.

ರಿಕ್ಷಾ ಹತ್ತುವಾಗ ಅಂಬರೀಶರಿಗೆ ಕಂಬಿ ಹಿಡಿಯಲು ಆಗಲಿಲ್ಲ. ಯಂಕಪ್ಪ ಓಡಿಹೋಗಿ ಅವರ ರಟ್ಟೆಗೆ ಕೈಕೊಟ್ಟು ಹತ್ತಿಸಿದ. ಅವರು ಬೇಡವೆನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ರಿಕ್ಷಾ ಪನ್ವೇಲ್ ಹೆದ್ದಾರಿಯ ಕಡೆ ತಿರುಗಿತು.