ಮೂರು ವರ್ಷದ ಅಜ್ಜಿ

ಸೀಮೆಎಣ್ಣೆಗೂ ತತ್ವಾರವಾಗಿದ್ದ ಯುದ್ಧದ ಆ ದಿನಗಳಲ್ಲಿ ಆತಗೂರಿನ ನಮ್ಮ ಮನೆಗೆ ಮನರಂಜನೆ ಎಂದರೆ ನನ್ನ ತಂಗಿ ಪುಟ್ಟತಾಯಿಯ ಬಾಯಿ. ಮೂರು ವರ್ಷದ ಪೋರಿ. ಅವ್ವ ಗದ್ದೆಗೆ ಹೋದರೆ ಸಂಜೆಯವರೆಗೂ ಅಜ್ಜಿಯ ಮಡಿಲಲ್ಲಿರುತ್ತಿದ್ದವಳು, ಮಾತು ಕಲಿತದ್ದೂ ಅಜ್ಜಿಯಿಂದಲೇ. ಕೂರುವಾಗ ಸೊಂಟ ಹಿಡಿದು "ಅಯ್ಯೋ ಸಿವ್ನೇ" ಎನ್ನುವಳು. ಬರಿ ಬಾಯಲ್ಲೇ ಎಲೆಅಡಿಕೆ ಜಗಿಯುವಳು. ಅಜ್ಜಿ ದಿನಾ ಅಪ್ಪನನ್ನು "ಏಳ್ಲಾ ಮಗ, ಇಟ್ಟು ಆರೋಯ್ತದೆ" ಎಂದು ಮುದ್ದೆ ಉಣ್ಣಲು ಎಬ್ಬಿಸುವುದು ವಾಡಿಕೆ. ಪುಟ್ಟತಾಯಿಯೂ ಅದನ್ನೇ ಹೇಳುವಳು. ಆದರೆ ಅವಳ ಬಾಯಲ್ಲಿ ಗ ಎಲ್ಲ ದ. "ಏಳ್ಲಾ ಮದಾ!" ಊರಲ್ಲೆಲ್ಲ ಮೀಸೆ ತಿರುವಿಕೊಂಡು ಓಡಾಡುವ ನಮ್ಮಪ್ಪ, "ಎದ್ದೆ ಕಣವ್ವ" ಎಂದು ಮಗಳ ಹಿಂದೆ ನಡೆಯುತ್ತಿದ್ದ.

ಆ ವರ್ಷ ಸುಗ್ಗಿಯಲ್ಲಿ ಅಪ್ಪನ ತಂಗಿ ಜಯತ್ತೆಯನ್ನು ನೋಡಲು ಮಳವಳ್ಳಿ ಕಡೆಯ ಗಂಡಿನವರು ಬಂದರು. ಹೆಣ್ಣು ಒಪ್ಪಿಗೆಯಾದರೆ ಮಾತ್ರ ಗಂಡಿನವರು ಆ ಮನೆಯಲ್ಲಿ ಉಣ್ಣುವುದು, ಇಲ್ಲದಿದ್ದರೆ ಎಲೆಅಡಿಕೆ ಹಾಕಿಕೊಂಡು ಎದ್ದುಬಿಡುವುದು ನಮ್ಮಲ್ಲಿನ ಪದ್ಧತಿ. ಅತ್ತೆ ಎಡಗಾಲು ಕೊಂಚ ಎಳೆದು ನಡೆಯುತ್ತಿದ್ದಳು. ಹಿಂದೆ ಬಂದವರೆಲ್ಲ ಉಣ್ಣದೆಯೇ ಹೋಗಿದ್ದರು. ಅಂಥ ದಿನ ಮಿಕ್ಕ ಅಡುಗೆಯನ್ನು ನಾವು ಮಕ್ಕಳು ಚಪ್ಪರಿಸಿದರೆ, ಅವಳು ಕೊಟ್ಟಿಗೆಯಿಂದ ಈಚೆಗೆ ಬರುತ್ತಿರಲಿಲ್ಲ.

ಈ ಸಲವೂ ಮನೆಯೆಲ್ಲ ಹಿತಕಿದ ಅವರೆಯ ಸಾರಿನ ಘಮ. ಹುಡುಗನ ಅಪ್ಪ ದೊಡ್ಡ ರುಮಾಲಿನ ಯಜಮಾನರು. ಅತ್ತೆ ನೀರು ತಂದಿಟ್ಟು ಹೋದ ನಡಿಗೆಯನ್ನೇ ನೋಡಿದರು. "ಓಗಿ ಯೋಳಿಕಳಿಸ್ತೀವಿ ಬುಡಿ" ಎಂದು ಎಲೆಅಡಿಕೆಯ ತಟ್ಟೆಗೆ ಕೈ ಚಾಚಿದರು. ಅಪ್ಪನ ಮುಖ ಸಣ್ಣಗಾಯಿತು.

ಆಗ ಸೊಂಟದ ಮೇಲೆ ಕೈಯಿಟ್ಟು ಬಂದಳು ನಮ್ಮ ಪುಟ್ಟತಾಯಿ. "ಬುಡ್ಲಾ ಮದಾ ಎಲೆಯಾ! ಮೊದ್ಲು ಉಣ್ಣೇಳು. ಇಟ್ಟು ಆರೋಯ್ತದೆ!"

"ತೆಪ್ಪು ತಿಳ್ಕಬ್ಯಾಡಿ ಯಜಮಾನ್ರೇ, ಮಗೀಗೆ ಏನೂ ಗೊತ್ತಾಗಕಿಲ್ಲ" ಎಂದು ಅಪ್ಪ ಕೈ ಮುಗಿದ. ಅವ್ವ ಓಡಿಬಂದು ಅವಳ ರಟ್ಟೆ ಹಿಡಿದಳು.

"ಬುಡವ್ವ, ಮದ ಅಸ್ದವ್ನೆ" ಎಂದು ಅವಳು ಕೊಸರಿಕೊಂಡಳು.

ಯಜಮಾನರ ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ. ನಕ್ಕು ನಕ್ಕು ರುಮಾಲು ಜಾರಿತು. ಅದರ ಸೆರಗಿನಲ್ಲೇ ಕಣ್ಣೊರೆಸಿಕೊಂಡು, "ನಮ್ಮವ್ವ ಓದ್ಮೇಲೆ ನನ್ನ ಯಾರೂ ಇಂಗೆ ಉಣ್ಣಾಕೆ ಎಬ್ಬಿಸಿರ್ಲಿಲ್ಲ ಕಣಪ್ಪಾ" ಎಂದರು. ಎಲೆಯ ತಟ್ಟೆ ಪಕ್ಕಕ್ಕೆ ಸರಿಸಿ ಮಗನ ಕಡೆ ತಿರುಗಿ, "ಏನ್ಲಾ, ಉಣ್ಣಾನಾ?" ಎಂದು ಕೇಳಿದರು. ಅವನಾಗಲೇ ಅಂಗಿಯ ತೋಳು ಮಡಿಸುತ್ತಿದ್ದ.

ಅತ್ತೆಯೇ ಬಡಿಸಿದಳು. ಸಾರು ಚೆಲ್ಲಿದಾಗ, "ನೋಡ್ದೆ ಬಡುಸ್ತವ್ಳೆ" ಎಂದು ಪುಟ್ಟತಾಯಿ ಗದರಿದಳು. ಯಜಮಾನರು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಇವತ್ತು ಆ ಯಜಮಾನರೂ ಇಲ್ಲ, ಅತ್ತೆಯೂ ಇಲ್ಲ. ಪುಟ್ಟತಾಯಿ ಈಗ ನಿಜವಾಗಿಯೂ ಅಜ್ಜಿ; ಮೈಸೂರಿನಿಂದ ಫೋನು ಮಾಡಿ "ಊಟ ಆಯ್ತಾ ಅಣ್ಣ?" ಎಂದು ನಯವಾಗಿ ಕೇಳುತ್ತಾಳೆ. ಅವಳ ಬಾಯಲ್ಲಿ ಗ ಎಲ್ಲ ಗ ಆಗಿಬಿಟ್ಟಿದೆ. ನನಗೂ ಆ ಯಜಮಾನರ ವಯಸ್ಸು ದಾಟಿತು. ಎಲ್ಲರೂ ಬಹುವಚನದಲ್ಲೇ ಮಾತಾಡಿಸುತ್ತಾರೆ. ಎಷ್ಟೋ ದಿನ ತಟ್ಟೆಯಲ್ಲಿ ಮುದ್ದೆ ಆರಿಹೋಗುತ್ತದೆ; ಏಳ್ಲಾ ಮದಾ ಎಂದು ಎಬ್ಬಿಸುವವರು ಯಾರೂ ಇಲ್ಲ.