ಕೆಮ್ಮಿಗೆ ನಿಂತ ಮಾತು

ಮನೆಯೊಳಗೆ ನನ್ನ ಬಾಯಿಗೆ ಎದುರಿರಲಿಲ್ಲ. ಮಲ್ಲಿಗೆ ತೋಟದಲ್ಲಿ ಮೊಗ್ಗು ಬಿಡಿಸುವಾಗ ಪಕ್ಕದ ಸಾಲಿನ ಹೆಂಗಸರು, "ಯವ್ವಾ, ಸ್ವಲ್ಪ ಬಾಯಿ ಮುಚ್ಚು, ನಿನ್ನ ಮಾತು ಕೇಳಿ ಮೊಗ್ಗು ಅರಳಿಬಿಟ್ಟಾವು" ಎಂದು ಚೇಷ್ಟೆ ಮಾಡುತ್ತಿದ್ದರು. ಆದರೆ ಹೊರಗೆ ಮಾವನ ಕೆಮ್ಮು ಕೇಳಿತೋ, ಮುಗಿಯಿತು. ಅವರು ಒಳಗೆ ಬರುವ ಮುಂಚೆ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಸೊಸೆಯಾದವಳು ತಲೆಮೇಲೆ ಸೆರಗು ಎಳೆದುಕೊಂಡು, ಆಡುತ್ತಿದ್ದ ಮಾತು ನುಂಗಿ, ಬಾಗಿಲ ಮರೆಗೆ ಸರಿಯಬೇಕು. ಮದುವೆಯಾಗಿ ಬಂದಾಗಿನಿಂದ ಅವರು ನನ್ನೊಡನೆ ನೇರವಾಗಿ ಮಾತಾಡಿದವರೇ ಅಲ್ಲ. ನಾನು ಎದುರಿಗೇ ಇದ್ದರೂ ಮೊಮ್ಮಗಳನ್ನು ಕರೆದು, "ನಿಮ್ಮವ್ವಗ ಹೇಳು, ನೀರು ಬೇಕಂತ" ಎನ್ನುತ್ತಿದ್ದರು.

ಹೆಂಗಸರಿಗೆ ಮೀಸಲಾದ ಸೀಟಿಗೆ ನನ್ನನ್ನು ನಿಲ್ಲಿಸಿ ಗೆಲ್ಲಿಸಿದಾಗಲೂ ಇದರಲ್ಲಿ ಏನೂ ಬದಲಾಗಲಿಲ್ಲ. ಪಂಚಾಯತಿ ಸಭೆಗೆ ಹೋಗುತ್ತಿದ್ದವರು ನಮ್ಮ ಯಜಮಾನರು. ಮಾತೂ ಅವರದೇ, ಚಹಾವೂ ಅವರದೇ. ನಿಜ ಹೇಳಬೇಕೆಂದರೆ ನನಗೂ ಅದೇ ಹಿತವಾಗಿತ್ತು.

ಮಗಳು ಏಳನೇ ಕ್ಲಾಸಿಗೆ ಬಂದಾಗ ಆ ಹಿತ ತಪ್ಪಿತು. ಎಂಟನೆಯದಕ್ಕೆ ಇಟ್ಟಿಗಿ ಊರಿನ ಹೈಸ್ಕೂಲಿಗೆ ಹೋಗಬೇಕು. ಬೆಳಗಿನ ಬಸ್ಸು ನಮ್ಮೂರಿಗೆ ಬರುವಷ್ಟರಲ್ಲಿ ತುಂಬಿ, ನಿಲ್ಲದೆ ಹೋಗಿಬಿಡುತ್ತಿತ್ತು. ಹಾಗಾಗಿ ನಮ್ಮೂರಲ್ಲಿ ಹುಡುಗಿಯರ ಓದು ಏಳಕ್ಕೇ ಕೊನೆ. ಪಂಚಾಯತಿಯ ಎರಡು ಕೋಣೆ ಖಾಲಿ ಬಿದ್ದಿದ್ದವು. ಅವನ್ನು ಕೊಟ್ಟರೆ ಎಂಟನೆಯದನ್ನು ಇಲ್ಲೇ ತೆಗೆಸಬಹುದು ಎಂದು ಹೆಡ್ ಮಾಸ್ತರರು ಹೇಳಿದ್ದರು. ಅಧ್ಯಕ್ಷರಿಗೆ ಅಲ್ಲಿ ಗೊಬ್ಬರದ ಚೀಲ ಇಡಿಸುವ ಮನಸ್ಸು. ಗ್ರಾಮಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನಿಸುವುದೆಂದಾಯಿತು. ತಾಲೂಕಿನಿಂದ ಹೊಸದಾಗಿ ಬಂದ ಅಧಿಕಾರಿಯೋ ಕಡ್ಡಿ ಮುರಿದಂತೆ ಹೇಳಿದ್ದರು, "ಮೆಂಬರ್ ಯಾರೋ ಅವರೇ ಮಾತಾಡ್ಬೇಕು. ಗಂಡಂದಿರಲ್ಲ."

ಅದನ್ನು ಕೇಳಿದ ದಿನವೇ ನನಗೆ ಭೇದಿ ಹತ್ತಿತು.

ಹಗರಿಬೊಮ್ಮನಹಳ್ಳಿಯಲ್ಲಿ ಹೆಣ್ಣು ಮೆಂಬರುಗಳಿಗೆ ತರಬೇತಿ ಇತ್ತು. ಕಲಿಸಿದವರು ರಿಟೈರಾದ ಒಬ್ಬ ಟೀಚರಮ್ಮ. "ಹೆದರಿಕಿ ಎಲ್ಲಾರಿಗೂ ಐತಿ, ನನಗೂ ಐತಿ" ಎಂದೇ ಶುರು ಮಾಡಿದರು. "ಮೊದಲು ಕಾಲು ಊರಿ ನಿಲ್ರಿ. ಉಸಿರು ಬಿಡ್ರಿ. ಮೊದಲಿನ ಮಾತು ಒಂದು ಬಾಯಿಪಾಠ ಇರ್ಲಿ, ಉಳಿದದ್ದು ತಾನ ಬರತೈತಿ. ಮಂದಿನೆಲ್ಲಾ ನೋಡಬ್ಯಾಡ್ರಿ, ನಿಮ್ಮವ್ರು ಅನಿಸೋ ಒಂದು ಮುಖ ಹುಡುಕ್ರಿ, ಅವರಿಗಷ್ಟ ಹೇಳ್ರಿ." ಅಲ್ಲಿ ಎಲ್ಲವೂ ಸಲೀಸಾಗಿ ಕಂಡಿತು. ಅಲ್ಲಿ ನನ್ನ ಮಾವ ಇರಲಿಲ್ಲವಲ್ಲ!

ಮಲ್ಲಿಗೆ ಸಾಲಿನ ನಡುವೆ ನಿಂತು ಅಭ್ಯಾಸ ಮಾಡಿದೆ. ಗಿಡಗಳು ಎದುರು ಆಡಲಿಲ್ಲ. ಹೆಂಗಸರು ಮಾತ್ರ ಬಿದ್ದು ಬಿದ್ದು ನಕ್ಕರು. ಮಗಳು ಬದುವಿನ ಮೇಲೆ ಕೂತು, "ಯವ್ವಾ, ಎಲ್ಲಾ ಮರೆತ್ರೂ ಎಂಟನೇ ಕ್ಲಾಸು ಅನ್ನೋದೊಂದು ಮರೀಬ್ಯಾಡ" ಎಂದಳು. ಅವಳ ದನಿಯಲ್ಲಿ ನಗು ಇರಲಿಲ್ಲ.

ಸಭೆಯ ದಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲೇ ಮಾವ, ತಲೆಗೆ ಬಿಳಿ ರುಮಾಲು. ಅಧ್ಯಕ್ಷರು ನನ್ನನ್ನು ಕರೆದರು. ನಾನು ಎದ್ದೆ. ಅದೇ ಗಳಿಗೆಯಲ್ಲಿ ಮಾವನೂ ಎದ್ದರು. ಹೆಗಲ ಮೇಲಿನ ವಲ್ಲಿ ಕೊಡವಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿಬಿಟ್ಟರು.

ಸೊಸೆ ಮರ್ಯಾದೆ ಕಳೆದಳು ಎಂದು ಎದ್ದು ಹೋದರು, ಇನ್ನು ಆ ಮನೆಯ ಹೊಸ್ತಿಲು ತುಳಿಯುವುದು ಹೇಗೆ ಎಂದುಕೊಂಡೆ. ಬಾಯಿಪಾಠದ ಮೊದಲ ಮಾತು ಮಾತ್ರ ತಾನಾಗಿ ಹೊರಬಿತ್ತು: "ಊರಿನ ಹಿರಿಯರಿಗೆ ಶರಣು. ನನ್ನ ಮಗಳು ಏಳನೇ ಕ್ಲಾಸು ಅದಾಳ." ಎರಡನೆಯದೂ ಬಂತು. ಮೂರನೆಯದು ಅರ್ಧಕ್ಕೆ ಬಂದಿತ್ತು.

ಆಗ ಕಿಟಕಿಯಾಚೆ ಆ ಕೆಮ್ಮು ಕೇಳಿತು.

ಏನು ಮಾಡುತ್ತಿದ್ದೇನೆಂದು ತಿಳಿಯುವ ಮುಂಚೆಯೇ ತಲೆಮೇಲೆ ಸೆರಗು ಬಿದ್ದಿತ್ತು, ಬಾಯಿ ಮುಚ್ಚಿತ್ತು, ನಾನು ಬಾಗಿಲ ಮರೆಗೆ ಸರಿದು ನಿಂತಿದ್ದೆ. ಅಷ್ಟು ಮಂದಿಯ ಎದುರು, ಮಾತಿನ ನಡುವೆ! ಯಾರೋ ಕಿಸಕ್ಕೆಂದರು. ಅಧಿಕಾರಿ ಪೆನ್ನು ಹಿಡಿದು ಬೆಪ್ಪಾಗಿ ನೋಡುತ್ತಿದ್ದರು. ಅಧ್ಯಕ್ಷರು, "ಆತು ಬಿಡ್ರಿ, ಪಾಪ ಅಂಜ್ಯಾರ. ಗೊಬ್ಬರಕ್ಕ ಬರ್ಕೊಳ್ರಿ" ಎಂದರು. ನನಗೆ ಎಲ್ಲವೂ ಕೇಳುತ್ತಿತ್ತು, ಕಾಲು ಮಾತ್ರ ಏಳಲೊಲ್ಲದು. ಮಗಳ ಓದು ನನ್ನ ಕಣ್ಣೆದುರೇ ಗೊಬ್ಬರದ ಚೀಲದಡಿ ಹೋಗುತ್ತಿತ್ತು.

"ಯವ್ವಾ."

ಕಿಟಕಿಯಾಚೆಯಿಂದ ಬಂದ ದನಿ. ನನ್ನನ್ನೇ ಕರೆದದ್ದೆಂದು ತಿಳಿಯಲು ಹೊತ್ತು ಹಿಡಿಯಿತು.

"ನಾ ಬೀಡಿ ಹೊಗಿಗೆ ಕೆಮ್ಮಿದ್ದವ್ವಾ. ನೀ ಯಾಕ ನಿಲ್ಲಿಸ್ದಿ? ನಾ ಒಳಗಿದ್ರ ನಿನಗ ಬಾಯಿ ಬರಂಗಿಲ್ಲ ಅಂತಾನ ಹೊರಗ ಬಂದೀನಿ. ಮಾತಾಡು."

ನಾನು ಹೇಗೋ ಮೈಕಿನ ಮುಂದೆ ಬಂದೆ. ಒಂದು ಮುಖ ಹುಡುಕಿರಿ ಎಂದಿದ್ದರು ಟೀಚರಮ್ಮ. ಕಿಟಕಿಯ ಸರಳಿನಾಚೆ ಅವರು ನನ್ನತ್ತ ಬೆನ್ನು ಮಾಡಿ ನಿಂತಿದ್ದರು. ರುಮಾಲಿನ ಹಿಂಬದಿ ಕಾಣುತ್ತಿತ್ತು, ಅಷ್ಟೆ. ಆ ಬೆನ್ನಿಗೇ ಎಲ್ಲವನ್ನೂ ಹೇಳಿದೆ, ಬಸ್ಸು, ಕೋಣೆ, ಏಳಕ್ಕೇ ಮನೆಯಲ್ಲಿ ಕುಳಿತ ಹುಡುಗಿಯರು. ದನಿ ನಡುಗಿತು, ಎರಡು ಕಡೆ ಅಳು ಬಂತು. ಅಂಜಿಕೆ ಕೊನೆಯವರೆಗೂ ಹೋಗಲಿಲ್ಲ. ಮಾತು ಮುಗಿಸಿಯೇ ಕೂತೆ.

ಶಾಲೆಗೆ ಕೊಡಬೇಕೆನ್ನುವವರು ಕೈ ಎತ್ತಿರೆಂದು ಅಧಿಕಾರಿ ಹೇಳಿದಾಗ ಹಾಲಿನೊಳಗಿನ ಕೈಗಳು ನನಗೆ ಕಾಣಲೇ ಇಲ್ಲ. ಸರಳಿನಾಚೆ, ಬೆನ್ನು ತಿರುಗಿಸದೆಯೇ, ಒಂದು ಕೈ ಮೇಲೆದ್ದಿತ್ತು.

ಕೋಣೆಗಳು ಶಾಲೆಗೆ ಸಿಕ್ಕವು. ಮರುದಿನ ಬೆಳಿಗ್ಗೆ ನಾನು ಮಗಳ ತಲೆ ಬಾಚುತ್ತಾ ಏನೋ ಹೇಳುತ್ತಿದ್ದೆ. ಬಾಗಿಲಲ್ಲಿ ಮಾವ ಎಂದಿನಂತೆ ಕೆಮ್ಮಿದರು. ಎದೆ ಎಂದಿನಂತೆ ಝಲ್ಲೆಂದಿತು. ಸೆರಗು ಎಳೆದುಕೊಂಡೆ. ಹೇಳುತ್ತಿದ್ದುದನ್ನು ಮಾತ್ರ ನಿಲ್ಲಿಸಲಿಲ್ಲ.